ಸೈಕಾಲಜಿ ಸ್ನಾತಕೋತ್ತರ ಪದವಿಗೆ ಆರು ಲಕ್ಷ ಸಾಲ: ಮುಂದಿನ ಸಂಪಾದನೆ ಅದನ್ನು ಹೊರಬಲ್ಲದೇ?

ಪ್ರಶ್ನೆ: ಕಾರಟಗಿಯ ತಂದೆ

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಕಾರಟಗಿಯಲ್ಲಿ ನನ್ನದು ಗೊಬ್ಬರ ಮತ್ತು ಕ್ರಿಮಿನಾಶಕದ ಅಂಗಡಿ. ಅದರೊಂದಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿದ ಐದು ಎಕರೆ ಭತ್ತದ ಗದ್ದೆ ಇದೆ. ಹಿರಿಯ ಮಗಳು ಬಳ್ಳಾರಿಯಲ್ಲಿ ಸೈಕಾಲಜಿಯನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡು ಬಿ.ಎ. ಮುಗಿಸಿದ್ದಾಳೆ. ಅಂಕಗಳು ಚೆನ್ನಾಗಿವೆ. ಈಗ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೈಕಾಲಜಿಗೆ ಸೀಟು ಸಿಕ್ಕಿದೆ. ಶುಲ್ಕ, ಹಾಸ್ಟೆಲ್, ಊಟ ಎಲ್ಲ ಕೂಡಿ ವರ್ಷಕ್ಕೆ ಮೂರು ಲಕ್ಷದಂತೆ ಎರಡು ವರ್ಷಕ್ಕೆ ಆರು ಲಕ್ಷ ರೂಪಾಯಿ ಬೇಕಾಗುತ್ತದೆ. ಗಂಗಾವತಿಯ ಬ್ಯಾಂಕ್ ಶಾಖೆಯಲ್ಲಿ ವಿಚಾರಿಸಿದಾಗ ಶೇ. 10ರ ಆಸುಪಾಸಿನ ಬಡ್ಡಿಗೆ ಶಿಕ್ಷಣ ಸಾಲ ದೊರೆಯುತ್ತದೆ ಎಂದು ತಿಳಿಸಿದರು.

ಸಾಲ ನನಗೆ ಹೊಸದಲ್ಲ. ಅಂಗಡಿಯಲ್ಲಿ ರೈತರಿಗೆ ಉದ್ರಿ ಕೊಡುತ್ತೇನೆ, ಸುಗ್ಗಿಯಲ್ಲಿ ವಸೂಲು ಮಾಡುತ್ತೇನೆ. ಅಲ್ಲಿ ಬೆಳೆ ಕಣ್ಣಿಗೆ ಕಾಣುತ್ತದೆ, ಎಕರೆಗೆ ಎಷ್ಟು ಚೀಲ ಬರಬಹುದೆಂಬ ಅಂದಾಜು ಇರುತ್ತದೆ. ಆದರೆ ಸೈಕಾಲಜಿ ಓದಿದವರು ಎಷ್ಟು ದುಡಿಯುತ್ತಾರೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಾಲೇಜಿನ ಪ್ರವೇಶ ವಿಭಾಗದವರು ಕಂಪನಿ, ಆಸ್ಪತ್ರೆ, ಶಾಲೆ, ವಿದೇಶ ಎಂದು ಪಟ್ಟಿ ಕೊಟ್ಟರು, ಸಂಬಳದ ಮಾತು ಬಂದಾಗ ಮಾತ್ರ ಮುಗುಳ್ನಕ್ಕು ಸುಮ್ಮನಾದರು. ನಮ್ಮ ಬಂಧುಗಳು ಬಿ.ಎಡ್. ಮಾಡಿಸಿ ಎನ್ನುತ್ತಿದ್ದಾರೆ.

ನೀರು ಸರಿಯಾಗಿ ಬಿಟ್ಟ ವರ್ಷ ನಮ್ಮ ಆದಾಯ ಆರು ಲಕ್ಷದ ಹತ್ತಿರ ಬರುತ್ತದೆ. ಎರಡನೇ ಬೆಳೆಗೆ ನೀರಿಲ್ಲದ ವರ್ಷ ಗದ್ದೆಯ ಆದಾಯವೂ ಕಡಿಮೆ, ಅಂಗಡಿಯ ವ್ಯಾಪಾರವೂ ಕಡಿಮೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಡೀ ಊರು ನಿದ್ದೆಗೆಟ್ಟಿದ್ದು ನಿಮಗೂ ನೆನಪಿರಬಹುದು. ಮಗ ಪಿಯುಸಿ ಎರಡನೇ ವರ್ಷದಲ್ಲಿದ್ದಾನೆ, ಮುಂದೆ ಅವನ ಓದೂ ಇದೆ. ಮಗಳ ಆಸೆಗೆ ಅಡ್ಡಬರುವ ಮನಸ್ಸು ನನಗಿಲ್ಲ. ಆದರೆ ಇಪ್ಪತ್ತಮೂರನೇ ವಯಸ್ಸಿಗೆ ಅವಳ ತಲೆಯ ಮೇಲೆ ತೀರಿಸಲಾಗದ ಸಾಲ ಕೂಡಬಾರದು. ಈ ವೃತ್ತಿಯನ್ನು ಒಳಗಿನಿಂದ ಬಲ್ಲವರು ಮತ್ತು ಸಾಲದ ವ್ಯವಹಾರ ಗೊತ್ತಿರುವವರು ದಯವಿಟ್ಟು ನಿಜ ಸ್ಥಿತಿಯನ್ನು ತಿಳಿಸಬೇಕು.

ಉತ್ತರ 1: ಬಳ್ಳಾರಿಯ ನಿವೃತ್ತ ಬ್ಯಾಂಕ್ ಅಧಿಕಾರಿ

ಯಜಮಾನರೇ, ನಿಮ್ಮ ಪ್ರಶ್ನೆಯ ಅರ್ಧ ಭಾಗಕ್ಕೆ, ಅಂದರೆ ಸಾಲದ ಭಾಗಕ್ಕೆ, ನಾನು ಉತ್ತರಿಸಬಲ್ಲೆ. ಸಂಬಳದ ಮಾತನ್ನು ಆ ವೃತ್ತಿಯವರೇ ಹೇಳಲಿ.

ಬ್ಯಾಂಕು ಆರು ಲಕ್ಷವನ್ನು ಒಂದೇ ಸಲ ಕೊಡುವುದಿಲ್ಲ, ವರ್ಷವರ್ಷದ ಶುಲ್ಕದ ಪ್ರಕಾರ ಬಿಡುಗಡೆ ಮಾಡುತ್ತದೆ. ಓದಿನ ಅವಧಿ ಮತ್ತು ಅದರ ನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಶೇ. 10ರ ಸರಳ ಬಡ್ಡಿಯಂತೆ ಮೊದಲ ವರ್ಷ ಬಿಡುಗಡೆಯಾದ ಮೂರು ಲಕ್ಷಕ್ಕೆ ಮೂರು ವರ್ಷಗಳ 90,000 ರೂಪಾಯಿ, ಎರಡನೇ ವರ್ಷದ ಮೂರು ಲಕ್ಷಕ್ಕೆ ಎರಡು ವರ್ಷಗಳ 60,000 ರೂಪಾಯಿ ಸೇರಿ, ಮಗಳು ಮೊದಲ ಕಂತು ಕಟ್ಟುವ ಹೊತ್ತಿಗೆ ಸಾಲದ ಮೊತ್ತ ಏಳೂವರೆ ಲಕ್ಷವಾಗಿರುತ್ತದೆ. ಹೆಚ್ಚಿನ ಪೋಷಕರು ಲೆಕ್ಕ ಹಾಕುವುದು ಆರು ಲಕ್ಷಕ್ಕೆ, ತೀರಿಸಬೇಕಾಗಿ ಬರುವುದು ಏಳೂವರೆಯನ್ನು.

ಈ ಏಳೂವರೆ ಲಕ್ಷವನ್ನು ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 9,900 ರೂಪಾಯಿ ಆಗುತ್ತದೆ, ಒಟ್ಟು ಕಟ್ಟುವುದು 11 ಲಕ್ಷ 90 ಸಾವಿರದಷ್ಟು. ಕಂತು ಭಾರವಾಯಿತೆಂದು ಹದಿನೈದು ವರ್ಷಕ್ಕೆ ಎಳೆದರೆ ತಿಂಗಳಿಗೆ 8,060 ರೂಪಾಯಿಗೆ ಇಳಿಯುತ್ತದೆ, ಆದರೆ ಒಟ್ಟು ಮೊತ್ತ ಹದಿನಾಲ್ಕೂವರೆ ಲಕ್ಷ ದಾಟುತ್ತದೆ. ತಿಂಗಳಿಗೆ 1,850 ರೂಪಾಯಿ ಉಳಿಸಲು ಎರಡೂವರೆ ಲಕ್ಷಕ್ಕಿಂತ ಹೆಚ್ಚು ತೆರುವ ವ್ಯವಹಾರವಿದು.

ಓದುವ ಕಾಲದಲ್ಲಿಯೂ ನಂತರದ ಆ ಒಂದು ವರ್ಷದಲ್ಲಿಯೂ ಬಡ್ಡಿಯನ್ನು ನೀವು ಕಟ್ಟುತ್ತ ಹೋದರೆ ಸಾಲ ಆರು ಲಕ್ಷದಲ್ಲೇ ನಿಲ್ಲುತ್ತದೆ, ಹತ್ತು ವರ್ಷದ ಕಂತು 7,930ರ ಹತ್ತಿರ ಬರುತ್ತದೆ. ಹೀಗೆ ಬಡ್ಡಿ ಕಟ್ಟಿದವರಿಗೆ ಶೇ. 1ರವರೆಗೆ ರಿಯಾಯಿತಿ ಕೊಡುವ ಅವಕಾಶ ಬ್ಯಾಂಕುಗಳಿಗಿದೆ, ಹೆಣ್ಣುಮಕ್ಕಳಿಗೆ ಅರ್ಧ ಶೇಕಡ ಕಡಿಮೆ ಮಾಡುವ ಬ್ಯಾಂಕುಗಳೂ ಇವೆ. ಇವನ್ನು ಶಾಖೆಯವರು ತಾವಾಗಿ ಹೇಳದಿರಬಹುದು, ಕೇಳಿ ಪಡೆಯಬೇಕು. ಆದರೆ ನಿಮ್ಮ ಆದಾಯ ಬರುವುದು ಸುಗ್ಗಿಗೆ, ಬ್ಯಾಂಕು ಕೇಳುವುದು ತಿಂಗಳಿಗೆ. ಈ ಎರಡರ ನಡುವಿನ ಅಂತರವನ್ನು ತುಂಬಿಸಲು ಅಂಗಡಿಯ ಬಂಡವಾಳಕ್ಕೆ ಕೈಹಾಕುವ ಸ್ಥಿತಿ ಬರಬಾರದು. ನೀವು ಸಹ-ಸಾಲಗಾರರಾಗಿರುವುದರಿಂದ ಮಗಳ ಕಂತು ತಪ್ಪಿದರೆ ಸಾಲ ತೀರಿಸುವ ಶಿಸ್ತನ್ನು ಬ್ಯಾಂಕುಗಳಿಗೆ ತೋರಿಸುವ ನಿಮ್ಮ ಸಿಬಿಲ್ ಅಂಕವೂ ಕೆಡುತ್ತದೆ, ಮುಂದೆ ಅಂಗಡಿಯ ಓವರ್‌ಡ್ರಾಫ್ಟ್ ನವೀಕರಿಸುವಾಗ ಅದು ಎದುರಿಗೆ ಬರುತ್ತದೆ.

ಸರ್ಕಾರದ ಬಡ್ಡಿ ಸಹಾಯದ ಬಗ್ಗೆಯೂ ಅತಿಯಾದ ಭರವಸೆ ಬೇಡ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ವಾರ್ಷಿಕ ಆದಾಯ ಎಂಟು ಲಕ್ಷದೊಳಗಿರುವ ಕುಟುಂಬದ ವಿದ್ಯಾರ್ಥಿಗೆ ಹತ್ತು ಲಕ್ಷದವರೆಗಿನ ಸಾಲದ ಮೇಲೆ, ಕಂತು ಆರಂಭವಾಗುವವರೆಗಿನ ಅವಧಿಗೆ ಶೇ. 3ರ ಬಡ್ಡಿ ಸಹಾಯಧನವಿದೆ. ಆದರೆ ಶಿಕ್ಷಣ ಸಂಸ್ಥೆ ಆ ಯೋಜನೆಯ ಪಟ್ಟಿಯಲ್ಲಿರಬೇಕು, ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ ಅದು ಸಿಗುತ್ತದೆ, ಸರ್ಕಾರಿ ಸಂಸ್ಥೆಗಳಲ್ಲಿ ಓದುವವರಿಗೆ ಮತ್ತು ತಾಂತ್ರಿಕ, ವೃತ್ತಿಪರ ಕೋರ್ಸುಗಳವರಿಗೆ ಆದ್ಯತೆ. ಖಾಸಗಿ ವಿಶ್ವವಿದ್ಯಾಲಯದ ಸೈಕಾಲಜಿ ಎಂ.ಎಸ್ಸಿ. ಆ ಸಾಲಿನಲ್ಲಿ ಎಲ್ಲಿ ನಿಲ್ಲುತ್ತದೆಂದು ನೀವೇ ಊಹಿಸಬಹುದು. ಒಂದು ವೇಳೆ ಸಿಕ್ಕರೂ ನಿಮ್ಮ ಲೆಕ್ಕದಲ್ಲಿ ಉಳಿಯುವುದು 45,000 ರೂಪಾಯಿ, ತಿಂಗಳ ಕಂತಿನಲ್ಲಿ ಆರುನೂರರಷ್ಟು. ಬೇಡವೆನ್ನುವಷ್ಟು ಸಣ್ಣದಲ್ಲ, ಅದನ್ನೇ ನಂಬಿ ಸಾಲ ಮಾಡುವಷ್ಟು ದೊಡ್ಡದೂ ಅಲ್ಲ.

ಕೈಗೆ ಬರುವ ಸಂಬಳದ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಕಂತಿಗೆ ಹೋದರೆ ಸಾಲಗಾರನು ಉಸಿರಾಡಬಲ್ಲ ಎಂಬುದು ನನ್ನ ಸೇವಾವಧಿಯ ಅನುಭವ. 9,900 ರೂಪಾಯಿಯ ಕಂತಿಗೆ ಕನಿಷ್ಠ 30,000 ರೂಪಾಯಿ ಕೈಗೆ ಸಿಗುವ ಸಂಬಳ ಬೇಕು, ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು ಇರುವುದಾದರೆ ಇನ್ನೂ ಹೆಚ್ಚು. ಅಷ್ಟು ಸಂಬಳ ಎಂ.ಎಸ್ಸಿ. ಮುಗಿದ ಮೊದಲ ವರ್ಷವೇ ಬರುತ್ತದೆಯೇ ಎಂಬುದನ್ನು ಬಲ್ಲವರಿಂದ ತಿಳಿದುಕೊಳ್ಳಿ.

ಉತ್ತರ 2: ಜಿಲ್ಲಾ ಕಾರ್ಯಕ್ರಮದಲ್ಲಿರುವ ಕ್ಲಿನಿಕಲ್ ಸೈಕಾಲಜಿಸ್ಟ್

ಸರ್, ಹಿರಿಯರು ಕೇಳಿದ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಸಾಮಾನ್ಯವಾಗಿ ಬರುವುದಿಲ್ಲ. ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಆರಂಭಿಸಿದವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಅದಕ್ಕೆ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ, ಏಕೆಂದರೆ ಸೈಕಾಲಜಿ ಓದಿದವರು ಎಂಬ ಒಂದೇ ಮಾತಿನಲ್ಲಿ ಕಾನೂನು ಬೇರೆ ಬೇರೆಯಾಗಿ ನೋಡುವ ಜನರೆಲ್ಲ ಸೇರಿಹೋಗುತ್ತಾರೆ.

ಎಂ.ಎ. ಅಥವಾ ಎಂ.ಎಸ್ಸಿ. ಸೈಕಾಲಜಿ ಮುಗಿಸಿದವರು ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಆ ಹೆಸರಿಗೆ ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಅರ್ಹತೆ ಬೇಕು. ಇದುವರೆಗಿನ ಪ್ರಮುಖ ದಾರಿಯೆಂದರೆ ಸ್ನಾತಕೋತ್ತರ ಪದವಿಯ ಮೇಲೆ ಆಸ್ಪತ್ರೆಯಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡುವ ಎರಡು ವರ್ಷಗಳ ಎಂ.ಫಿಲ್. ನೋಂದಣಿಯಿಲ್ಲದೆ ಈ ವೃತ್ತಿ ನಡೆಸುವುದು 1992ರ ಆರ್‌ಸಿಐ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ನಿಮ್ಮ ಮಗಳು ಈಗ ಸೇರಲಿರುವ ಎರಡು ವರ್ಷದ ಎಂ.ಎಸ್ಸಿ. ಅವಳನ್ನು ಪರವಾನಗಿಯ ಬಾಗಿಲವರೆಗೆ ಮುಟ್ಟಿಸುತ್ತದೆಯೇ ಹೊರತು ಒಳಗೆ ಬಿಡುವುದಿಲ್ಲ. ಕಾಲೇಜಿನವರು ಕೊಟ್ಟ ಪಟ್ಟಿಯಲ್ಲಿ ಆಸ್ಪತ್ರೆ ಎಂದಿತ್ತಲ್ಲ, ಆ ಆಸ್ಪತ್ರೆಯ ಹುದ್ದೆ ಇದರ ಮುಂದಿನ ಮೆಟ್ಟಿಲಿನವರಿಗೆ.

ಆ ಮುಂದಿನ ಮೆಟ್ಟಿಲೇ ಈಗ ಬದಲಾಗುತ್ತಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2022ರ ನಿಯಮಾವಳಿಯಲ್ಲಿ ಎಂ.ಫಿಲ್ ಪದವಿಯನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಗಳಿಗೆ ಮಾತ್ರ 2025-26ರ ಸಾಲಿನವರೆಗೆ ಮಾನ್ಯತೆಯನ್ನು ವಿಸ್ತರಿಸಿತು. ಆರ್‌ಸಿಐ ತನ್ನ ಕಡೆಯಿಂದ ನಾಲ್ಕು ವರ್ಷದ ಬಿ.ಎಸ್ಸಿ. ಕ್ಲಿನಿಕಲ್ ಸೈಕಾಲಜಿ ಆನರ್ಸ್, ಎರಡು ವರ್ಷದ ಎಂ.ಎ. ಕ್ಲಿನಿಕಲ್ ಸೈಕಾಲಜಿ ಮುಂತಾದ ಕೋರ್ಸುಗಳನ್ನು ರೂಪಿಸಿದೆ. ಹೀಗಾಗಿ ನೀವು ಶುಲ್ಕ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಕೋರ್ಸಿಗೆ, ಈ ಕ್ಯಾಂಪಸ್ಸಿನಲ್ಲಿ, ಈ ಪ್ರವೇಶದ ವರ್ಷಕ್ಕೆ ಆರ್‌ಸಿಐ ಅನುಮೋದನೆ ಇದೆಯೇ? ಉತ್ತರವನ್ನು ಪ್ರವೇಶ ವಿಭಾಗದವರ ಬಾಯಿಂದ ಕೇಳಬೇಡಿ, ಆರ್‌ಸಿಐ ಜಾಲತಾಣದ ಪಟ್ಟಿಯಲ್ಲಿ ನೀವೇ ನೋಡಿ. ಕೋರ್ಸಿನ ಹೆಸರಿನಲ್ಲಿ ಕ್ಲಿನಿಕಲ್ ಎಂಬ ಪದವಿದ್ದ ಮಾತ್ರಕ್ಕೆ ಅನುಮೋದನೆ ಇರುತ್ತದೆಂದು ಅರ್ಥವಲ್ಲ. ಆ ಪದಕ್ಕೆ ಮರುಳಾಗಿ ಲಕ್ಷಗಟ್ಟಲೆ ಕಟ್ಟಿದವರು ಸಲಹೆ ಕೇಳಲು ನಮ್ಮಲ್ಲಿಗೆ ಬರುತ್ತಿರುತ್ತಾರೆ, ಆಗ ಹೇಳಲು ನಮ್ಮ ಬಳಿ ಏನೂ ಉಳಿದಿರುವುದಿಲ್ಲ.

ಈಗ ನಿಮ್ಮ ಲೆಕ್ಕವನ್ನು ಇದರ ಜೊತೆ ಕೂಡಿಸಿ ನೋಡಿ. ಅನುಮೋದನೆ ಇಲ್ಲದ ಸಾಮಾನ್ಯ ಎಂ.ಎಸ್ಸಿ.ಗೆ ಆರು ಲಕ್ಷ ಖರ್ಚು ಮಾಡಿದ ಮೇಲೆ ಮಗಳು ಕ್ಲಿನಿಕಲ್ ದಾರಿಯನ್ನೇ ಹಿಡಿಯಬೇಕೆಂದರೆ ಇನ್ನೂ ಎರಡು ವರ್ಷ ಓದಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂತಹ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಸೀಟುಗಳು ಬೆರಳೆಣಿಕೆಯಷ್ಟು, ಪ್ರವೇಶ ಪರೀಕ್ಷೆಗೆ ಕೂರುವವರು ಬಹಳ. ಅಲ್ಲಿ ಸಿಗದವರು ಖಾಸಗಿ ಸಂಸ್ಥೆಗಳಿಗೆ ಹೋಗುತ್ತಾರೆ, ಅಲ್ಲಿ ಮತ್ತೆ ಲಕ್ಷಗಳ ಮಾತು. ಮೊದಲ ಸಾಲದ ಮೇಲೆ ಎರಡನೇ ಸಾಲ ಏರಿದಾಗ ನಮ್ಮ ವೃತ್ತಿಯ ಆರಂಭದ ಸಂಬಳ ಅದನ್ನು ಹೊರುವುದಿಲ್ಲ. ಸಾಲ ಮಾಡಲೇಬೇಕಾದರೆ ಅದು ಪರವಾನಗಿ ಕೊಡುವ ಮೆಟ್ಟಿಲಿಗೆ ಇರಲಿ. ಅದರ ಕೆಳಗಿನ ಮೆಟ್ಟಿಲನ್ನು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕಡಿಮೆ ಖರ್ಚಿನಲ್ಲಿ ಏರಬಹುದು. ಎಂ.ಫಿಲ್ ಪ್ರವೇಶಕ್ಕೆ ಆರ್‌ಸಿಐ ಕೇಳುತ್ತಿದ್ದುದು ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ಮೀಸಲು ವರ್ಗದವರಿಗೆ ಶೇ. 50. ಆ ಅಂಕ ದುಬಾರಿ ಕ್ಯಾಂಪಸ್ಸಿನದೋ ಸರ್ಕಾರಿ ವಿಭಾಗದ್ದೋ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ಹಾಗಾದರೆ ನಮ್ಮ ಕಡೆ ಕೆಲಸವಿಲ್ಲವೇ ಎಂದರೆ, ಕೆಲಸ ಬೇಕಾದಷ್ಟಿದೆ, ಹುದ್ದೆ ಸಾಕಷ್ಟಿಲ್ಲ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮಾನಸಿಕ ಆರೋಗ್ಯದ ಪಠ್ಯಗಳಲ್ಲಿ ಇಂದಿಗೂ ಅದನ್ನು ಬಳ್ಳಾರಿ ಮಾದರಿ ಎನ್ನುತ್ತಾರೆ. ಅಂತಹ ನೆಲದಲ್ಲಿ ಕೂಡ ಕಾರ್ಯಕ್ರಮವೆಂದರೆ ಜಿಲ್ಲೆಗೆ ಒಂದು ತಂಡ, ತಂಡದಲ್ಲಿ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್, ಅದೂ ಬಹುಪಾಲು ಗುತ್ತಿಗೆಯ ಮೇಲೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ. ಬುದ್ಧಿಮಾಂದ್ಯ ಮಕ್ಕಳ ಅಂಗವಿಕಲತೆ ಪ್ರಮಾಣಪತ್ರಕ್ಕೆ ಬುದ್ಧಿಶಕ್ತಿ ಪರೀಕ್ಷೆ ಮಾಡಿಸಲು ಹಳ್ಳಿಗಳಿಂದ ತಾಯಂದಿರು ಬಂದು ದಿನವಿಡೀ ಕಾಯುತ್ತಾರೆ. ಖಾಸಗಿಯಾಗಿ ಕ್ಲಿನಿಕ್ ಇಟ್ಟವರಿಗೂ ಈ ಪರೀಕ್ಷೆಗಳೇ ಮೊದಲ ಆದಾಯ. ಮಾತ್ರೆ ಬರೆದ ಚೀಟಿಗೆ ಹಣ ಕೊಡುವ ನಮ್ಮ ಜನ, ಒಂದು ಗಂಟೆಯ ಮಾತುಕತೆಗೆ ಹಣ ಕೇಳಿದರೆ ಇನ್ನೂ ಅಚ್ಚರಿಪಡುತ್ತಾರೆ. ಆದ್ದರಿಂದ ಸ್ವಂತ ಕ್ಲಿನಿಕ್ ನೆಲೆಯೂರಲು ಮೂರ್ನಾಲ್ಕು ವರ್ಷ ಹಿಡಿಯುತ್ತದೆ. ನೋಂದಣಿ ಪಡೆದು ಅಷ್ಟು ಕಾಲ ತಾಳಿಕೊಂಡವರ ಗಳಿಕೆ ಮಾತ್ರ ನಿಜಕ್ಕೂ ಚೆನ್ನಾಗಿದೆ, ಆ ಮಾತನ್ನು ಮರೆಮಾಚಬಾರದು. ತೊಂದರೆಯೇನೆಂದರೆ ಗಳಿಕೆ ಬರುವುದು ತಡವಾಗಿ, ಕಂತು ಬರುವುದು ಬೇಗ.

ಉತ್ತರ 3: ರಾಯಚೂರಿನ ಶಾಲಾ ಆಪ್ತಸಮಾಲೋಚಕ

ಅಣ್ಣಾವ್ರೇ, ಮೇಡಂ ಅವರ ಮಾತಿಗೆ ಪೂರ್ತಿ ಒಪ್ಪಿಗೆ ಕೊಡಲು ನನಗೆ ಸಾಧ್ಯವಾಗುತ್ತಿಲ್ಲ. ನಾನು ಸಾಲ ಮಾಡಿ ಖಾಸಗಿ ವಿಶ್ವವಿದ್ಯಾಲಯದಲ್ಲೇ ಎಂ.ಎಸ್ಸಿ. ಕೌನ್ಸೆಲಿಂಗ್ ಓದಿದವನು, ಆರ್‌ಸಿಐ ನೋಂದಣಿ ನನಗಿಲ್ಲ, ಆದರೂ ಕೆಲಸವಿದೆ. ಎಲ್ಲರೂ ಕ್ಲಿನಿಕಲ್ ದಾರಿಗೇ ಹೋಗಬೇಕೆಂದಿಲ್ಲ. ಶಾಲೆಯಲ್ಲಿ ಆಪ್ತಸಮಾಲೋಚನೆ ಮಾಡಲು ಆ ನೋಂದಣಿ ಬೇಕಾಗಿಲ್ಲ. ಅಲ್ಲದೆ, ದುಬಾರಿ ಕೋರ್ಸು ನನಗೆ ಪುಸ್ತಕದಲ್ಲಿಲ್ಲದ್ದನ್ನು ಕೊಟ್ಟಿತು. ಎರಡು ವರ್ಷವೂ ಆಸ್ಪತ್ರೆ, ಶಾಲೆ, ಸ್ವಯಂಸೇವಾ ಸಂಸ್ಥೆಗಳಿಗೆ ಕಳುಹಿಸಿ, ನಾವು ನಡೆಸಿದ ಸಮಾಲೋಚನೆಯನ್ನು ಒಬ್ಬ ಹಿರಿಯರು ಸಾಲುಸಾಲಾಗಿ ತಿದ್ದುತ್ತಿದ್ದರು. ಕೆಲವು ಕಡೆ ಎಂ.ಎ. ಎಂದರೆ ಟಿಪ್ಪಣಿ ಬರೆದುಕೊಂಡು ಪರೀಕ್ಷೆ ಬರೆಯುವುದು ಮಾತ್ರ. ಅಂತಹ ಪದವಿ ಅಗ್ಗವಾಗಿ ಸಿಕ್ಕರೂ ಮೊದಲ ಮಗು ಎದುರಿಗೆ ಕುಳಿತು ಅತ್ತಾಗ ಅದು ಕೈಹಿಡಿಯುವುದಿಲ್ಲ.

ಸಂಬಳ ಹೇಳುತ್ತೇನೆ: ಶಾಲೆಯಲ್ಲಿ ತಿಂಗಳಿಗೆ 22,000 ರೂಪಾಯಿ, ಸಂಜೆ ಎರಡು ಕಡೆ ಹೋಗಿ ಬರುವುದರಿಂದ ಇನ್ನೊಂದು ಏಳೆಂಟು ಸಾವಿರ. ನನ್ನ ಕಂತು 6,400. ಅಪ್ಪ ಅಮ್ಮನ ಮನೆಯಲ್ಲೇ ಇದ್ದೇನೆ, ಬಾಡಿಗೆ ಇಲ್ಲ, ಅದರಿಂದ ನಡೆಯುತ್ತಿದೆ. ಬೆಂಗಳೂರಿನಲ್ಲಿ ನನ್ನ ಜೊತೆಯವರು 30,000 ತೆಗೆದುಕೊಂಡರೂ ತಿಂಗಳ ಕೊನೆಗೆ ಕೈ ಬರಿದಾಗಿರುತ್ತದೆ. ಆದ್ದರಿಂದ ಸಂಬಳ ಎಷ್ಟೆಂದು ಕೇಳುವಾಗ ಎಲ್ಲಿ ಇರುತ್ತೀರಿ ಎಂಬುದನ್ನೂ ಸೇರಿಸಿ ಕೇಳಬೇಕು.

ಬೇಡಿಕೆ ಹೆಚ್ಚುತ್ತಿದೆ ಎಂಬುದಕ್ಕೆ ಒಂದು ಆಧಾರವಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಕನಿಷ್ಠ ಒಬ್ಬ ಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕು ಅಥವಾ ಅವರ ಸೇವೆ ಪಡೆಯಬೇಕು ಎಂದು ಮಾರ್ಗಸೂಚಿ ನೀಡಿತು. ಅದರಲ್ಲಿ ಸೇವೆ ಪಡೆಯಬೇಕು ಎಂಬ ಭಾಗವನ್ನು ನಮ್ಮ ಕಡೆಯ ಆಡಳಿತ ಮಂಡಳಿಗಳು ವಾರಕ್ಕೊಮ್ಮೆ ಬಂದು ಹೋಗಿ ಎಂದು ಓದಿಕೊಳ್ಳುವ ಸಂಭವವೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಮೂರು ನಾಲ್ಕು ಶಾಲೆ ಕಾಲೇಜುಗಳನ್ನು ಹಂಚಿಕೊಂಡು ಓಡಾಡುವ ಸಮಾಲೋಚಕಿಗೆ ಸ್ಕೂಟರ್ ಮತ್ತು ತಾಳ್ಮೆ ಎರಡೂ ಬೇಕಾಗುತ್ತವೆ, ಆದರೆ ಆದಾಯ ಬರುತ್ತದೆ.

ಉತ್ತರ 4: ಮಾನ್ವಿಯ ಉಪನ್ಯಾಸಕಿ

ಕ್ಷೇತ್ರ ತರಬೇತಿಯ ಬಗ್ಗೆ ರಾಯಚೂರಿನ ತಮ್ಮ ಹೇಳಿದ್ದು ಸರಿಯಾದ ಮಾತು, ಆದರೆ ಸರ್ಕಾರಿ ವಿಭಾಗಗಳೆಲ್ಲ ಟಿಪ್ಪಣಿ ಬರೆಸುವ ಜಾಗಗಳೆಂದು ತೀರ್ಮಾನಿಸುವುದು ಅನ್ಯಾಯ. ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ 1924ರಷ್ಟು ಹಳೆಯದು, ಇಡೀ ದೇಶದಲ್ಲೇ ಮೊದಲ ಕೆಲವು ವಿಭಾಗಗಳಲ್ಲಿ ಒಂದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ವಿಭಾಗವಿದೆ, ಅದೇ ಊರಿನಲ್ಲಿ ಡಿಮ್ಹಾನ್ಸ್ ಕೂಡ ಇದೆ. ಆ ವಿಭಾಗಗಳಿಗೆ ಹೋಗಿ, ಈಗ ಓದುತ್ತಿರುವ ಹೆಣ್ಣುಮಕ್ಕಳನ್ನು ಮಾತನಾಡಿಸಿ, ಎಷ್ಟು ವಾರ ಆಸ್ಪತ್ರೆಯಲ್ಲಿ ಕೆಲಸ ಮಾಡಿದಿರಿ ಎಂದು ಕೇಳಿ. ಉತ್ತರ ಅಲ್ಲೇ ಸಿಗುತ್ತದೆ.

ಸರ್, ನೀವು ಇಲ್ಲಿ ಪ್ರಸ್ತಾಪಿಸದ ಒಂದು ಬಲ ನಿಮ್ಮ ಮಗಳಿಗಿದೆ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇ. 8 ಸೀಟುಗಳ ಮೀಸಲಾತಿ ಇದೆ. ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ಮಾಡಿಸಿಡಿ, ಪ್ರವೇಶದ ಗಡಿಬಿಡಿಯಲ್ಲಿ ಅದು ಸಿಗುವುದು ಕಷ್ಟ. ಮುಂದೆ ನೌಕರಿಗೂ ಅದೇ ಪತ್ರ ಬೇಕು: ನಮ್ಮ ಭಾಗದ ಸ್ಥಳೀಯ ವೃಂದದಲ್ಲಿ ಗ್ರೂಪ್ ಬಿ ಹುದ್ದೆಗಳ ಶೇ. 75, ಗ್ರೂಪ್ ಸಿ ಹುದ್ದೆಗಳ ಶೇ. 80 ಸ್ಥಳೀಯರಿಗೇ ಮೀಸಲು. ಹಾಗೆಂದು ಸೈಕಾಲಜಿ ಉಪನ್ಯಾಸಕ ಹುದ್ದೆಗಳು ಪ್ರತಿ ವರ್ಷ ಕರೆಯುತ್ತಾರೆಂದು ತಿಳಿಯಬೇಡಿ. ಪಿಯುಸಿಯಲ್ಲಿ ಮನಶ್ಶಾಸ್ತ್ರ ಕಲಿಸುವ ಕಾಲೇಜುಗಳೇ ನಮ್ಮ ಜಿಲ್ಲೆಗಳಲ್ಲಿ ಕಡಿಮೆ.

ಓದಿನ ಜೊತೆಗೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್‌ಗೆ ತಯಾರಾಗುವಂತೆ ಮಗಳಿಗೆ ಹೇಳಿ. ನೆಟ್‌ನಲ್ಲಿ ಮೇಲಿನ ಸ್ಥಾನ ಪಡೆದವರ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್, ಬಂದು ಪಿಎಚ್.ಡಿ. ಸೇರಿದರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ದೊರೆಯುತ್ತದೆ, ಓದುತ್ತಲೇ ಸಂಪಾದಿಸಿದಂತಾಗುತ್ತದೆ. ಸಹಾಯಕ ಪ್ರಾಧ್ಯಾಪಕ ಹುದ್ದೆಯ ಆರಂಭಿಕ ಮೂಲ ವೇತನ 57,700. ಅಲ್ಲಿಗೆ ತಲುಪುವ ಮುನ್ನ ಅತಿಥಿ ಉಪನ್ಯಾಸಕರಾಗಿ ಕಳೆಯುವ ವರ್ಷಗಳಿರುತ್ತವೆ, ಆ ವರ್ಷಗಳಲ್ಲಿ ಬೇಸಿಗೆ ರಜೆಗೆ ಸಂಬಳವಿರುವುದಿಲ್ಲ ಎಂಬುದನ್ನು ಕಂತಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಖರ್ಚಿನ ಮಾತಿಗೆ ಬಂದರೆ, ಸರ್ಕಾರಿ ವಿಶ್ವವಿದ್ಯಾಲಯದ ಸೀಟು, ಹಾಸ್ಟೆಲ್, ಊಟ, ಓಡಾಟ ಕೂಡಿ ಎರಡು ವರ್ಷಕ್ಕೆ ಒಂದೂವರೆ, ಹೆಚ್ಚೆಂದರೆ ಎರಡು ಲಕ್ಷದಲ್ಲಿ ನನ್ನ ವಿದ್ಯಾರ್ಥಿನಿಯರು ಮುಗಿಸಿದ್ದಾರೆ. ಹಿಂದುಳಿದ ವರ್ಗದವರಿಗೆ ಆದಾಯ ಮಿತಿಯೊಳಗೆ ಬಂದರೆ ರಾಜ್ಯದ ವಿದ್ಯಾಸಿರಿ ಯೋಜನೆಯಿಂದ ಹತ್ತು ತಿಂಗಳು ಊಟ ವಸತಿಗೆ ಸಹಾಯವಿದೆ, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ನಿಮ್ಮ ಆದಾಯಕ್ಕೆ ಅದು ಸಿಗುವ ಸಾಧ್ಯತೆ ಕಡಿಮೆ.

ಒಂದು ಎಚ್ಚರಿಕೆ. ಮನೆಯಲ್ಲೇ ಕುಳಿತು ದೂರಶಿಕ್ಷಣದಲ್ಲಿ ಎಂ.ಎ. ಸೈಕಾಲಜಿ ಮಾಡಿಸಿದರೆ ಖರ್ಚೇ ಇಲ್ಲವಲ್ಲ ಎಂದು ಯಾರಾದರೂ ಸಲಹೆ ಕೊಡಬಹುದು. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ವಿಧಾನದಲ್ಲಿ ಕಲಿಸಬಾರದೆಂದು ಯುಜಿಸಿ ನಿರ್ಬಂಧಿಸಿದೆ. ಇದರ ಹಿಂದಿರುವುದು 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ. ಈಗಲೂ ಸೀಟು ಕೊಡುತ್ತೇವೆ ಎನ್ನುವ ಏಜೆಂಟರಿಗೆ ಹಣ ಕೊಡಬೇಡಿ.

ಬಿ.ಎಡ್. ಸಲಹೆಯನ್ನು ನೀವು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ವಿಶೇಷ ಶಿಕ್ಷಣದ ಬಿ.ಎಡ್. ಆರ್‌ಸಿಐ ಮಾನ್ಯತೆಯ ಕೋರ್ಸು, ಮುಗಿಸಿದವರಿಗೆ ಅವರದೇ ನೋಂದಣಿ ಸಿಗುತ್ತದೆ. ಮಕ್ಕಳ ಜೊತೆ ಕೆಲಸ ಮಾಡುವ ಒಲವಿದ್ದರೆ ಮಾತ್ರ, ಬಲವಂತ ಬೇಡ.

ಮರುಪ್ರಶ್ನೆ: ಕಾರಟಗಿಯ ತಂದೆ

ತಾವೆಲ್ಲ ಇಷ್ಟು ಕಾಳಜಿಯಿಂದ ಬರೆದದ್ದಕ್ಕೆ ಋಣಿಯಾಗಿದ್ದೇನೆ. ನಿನ್ನೆ ರಾತ್ರಿ ಇವೆಲ್ಲವನ್ನೂ ಮಗಳ ಮುಂದಿಟ್ಟು ಓದಿಸಿದೆ. ಆರ್‌ಸಿಐ ಪಟ್ಟಿಯನ್ನು ಅವಳೇ ತೆಗೆದು ನೋಡಿದಳು, ನಮಗೆ ಸೀಟು ಸಿಕ್ಕಿರುವ ಕೋರ್ಸು ಅದರಲ್ಲಿಲ್ಲ. ಅವಳಿಗೆ ಆಸ್ಪತ್ರೆಯಲ್ಲೇ ಕೆಲಸ ಮಾಡಬೇಕೆಂಬ ಆಸೆ, ಆದ್ದರಿಂದ ಧಾರವಾಡ ಮತ್ತು ಮೈಸೂರಿಗೆ ಅರ್ಜಿ ಹಾಕಲು ಒಪ್ಪಿದ್ದಾಳೆ. ಆದರೆ ಅಲ್ಲಿ ಸೀಟು ಸಿಗದಿದ್ದರೆ ಒಂದು ವರ್ಷ ವ್ಯರ್ಥವಾಗುತ್ತದೆಂಬ ಭಯ ಅವಳಿಗಿದೆ. ಬೆಂಗಳೂರಿನ ಸೀಟನ್ನು ಕಾಯ್ದಿರಿಸಲು ಅವರು 50,000 ರೂಪಾಯಿ ಕಟ್ಟಿ ಎನ್ನುತ್ತಿದ್ದಾರೆ. ಕಟ್ಟಿ ನಂತರ ಬಿಟ್ಟರೆ ಹಣ ವಾಪಸು ಬರುತ್ತದೆಯೇ? ಮತ್ತು ಬ್ಯಾಂಕಿನ ಹಿರಿಯರಿಗೆ ಇನ್ನೊಂದು ಪ್ರಶ್ನೆ: ಈಗ ಸಣ್ಣ ಸಾಲ ಮಾಡಿ, ಎರಡು ವರ್ಷದ ನಂತರ ಕ್ಲಿನಿಕಲ್ ಕೋರ್ಸಿಗೆ ಮತ್ತೆ ಸಾಲ ಬೇಕಾದರೆ ಬ್ಯಾಂಕು ಕೊಡುತ್ತದೆಯೇ, ಮೊದಲಿನ ಸಾಲದ ಕಂತು ಆಗಲೇ ಶುರುವಾಗಿಬಿಡುತ್ತದೆಯೇ?

ಉತ್ತರ 5: ಜಿಲ್ಲಾ ಕಾರ್ಯಕ್ರಮದಲ್ಲಿರುವ ಕ್ಲಿನಿಕಲ್ ಸೈಕಾಲಜಿಸ್ಟ್

ವರ್ಷ ವ್ಯರ್ಥವಾಗುವ ಭಯದ ಬಗ್ಗೆ ಮಾತ್ರ ಹೇಳುತ್ತೇನೆ, ಸರ್. ಸೀಟು ಸಿಗದ ವರ್ಷದಲ್ಲಿ ಅವಳು ವಿಶೇಷ ಮಕ್ಕಳ ಶಾಲೆಯಲ್ಲೋ ವ್ಯಸನಮುಕ್ತಿ ಕೇಂದ್ರದಲ್ಲೋ ಕೆಲಸ ಮಾಡಬಹುದು. ಸಂಬಳ ಅಲ್ಪವಾದರೂ, ಪ್ರವೇಶ ಸಂದರ್ಶನದಲ್ಲಿ ಆ ಅನುಭವದ ಮಾತು ತೂಕ ಪಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ನೋವಿನಲ್ಲಿರುವವರ ಜೊತೆ ದಿನವಿಡೀ ಇರುವುದು ತನಗೆ ಒಗ್ಗುತ್ತದೆಯೇ ಎಂಬುದು ಸಾಲ ಮಾಡುವ ಮೊದಲೇ ಅವಳಿಗೆ ಗೊತ್ತಾಗುತ್ತದೆ. ಒಗ್ಗದೆ ಅರ್ಧಕ್ಕೆ ಬಿಟ್ಟವರ ಸಾಲವೇ ಎಲ್ಲಕ್ಕಿಂತ ಕಷ್ಟದ ಸಾಲ.

ಉತ್ತರ 6: ಬಳ್ಳಾರಿಯ ನಿವೃತ್ತ ಬ್ಯಾಂಕ್ ಅಧಿಕಾರಿ

ಯಜಮಾನರೇ, ಎರಡನೇ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಮುಂದಿನ ಓದಿಗೆ ಹೆಚ್ಚುವರಿ ಸಾಲ ಕೊಡುವುದಕ್ಕೆ ಮತ್ತು ಹಳೆಯ ಸಾಲದ ಕಂತನ್ನು ಆ ಓದು ಮುಗಿಯುವವರೆಗೆ ಮುಂದೂಡುವುದಕ್ಕೆ ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಆದರೆ ಅದು ತಾನಾಗಿ ಆಗುವುದಿಲ್ಲ. ಹೊಸ ಪ್ರವೇಶ ಪತ್ರ ಬಂದ ಕೂಡಲೇ, ಹಳೆಯ ಕಂತು ಆರಂಭವಾಗುವ ಮೊದಲೇ, ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು, ಎರಡೂ ಸಾಲ ಒಂದೇ ಶಾಖೆಯಲ್ಲಿದ್ದರೆ ಓಡಾಟ ಕಡಿಮೆ. ಒಟ್ಟು ಸಾಲ ನಾಲ್ಕು ಲಕ್ಷದೊಳಗೆ ಇದ್ದರೆ ಪೋಷಕರ ಸಹಿಯ ಹೊರತು ಬೇರೆ ಭದ್ರತೆ ಕೇಳುವುದಿಲ್ಲ, ಏಳೂವರೆ ಲಕ್ಷ ದಾಟಿದರೆ ಆಸ್ತಿಯ ಅಡಮಾನ ಕೇಳುತ್ತಾರೆ. ಈಗ ಒಂದೂವರೆ ಲಕ್ಷ ತೆಗೆದುಕೊಂಡರೆ ಮುಂದಿನ ಕೋರ್ಸಿಗೆ ಗದ್ದೆಯ ಪಹಣಿ ಮುಟ್ಟದೆ ಆರು ಲಕ್ಷದವರೆಗೆ ಜಾಗ ಉಳಿಯುತ್ತದೆ. ಈಗಲೇ ಆರು ಲಕ್ಷ ತೆಗೆದುಕೊಂಡರೆ ಉಳಿಯುವುದು ಒಂದೂವರೆ ಮಾತ್ರ.

50,000 ರೂಪಾಯಿಯ ವಿಷಯ. 2018ರ ಅಕ್ಟೋಬರ್‌ನ ಯುಜಿಸಿ ಅಧಿಸೂಚನೆಯ ಪ್ರಕಾರ, ಪ್ರಕಟಿತ ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಅಥವಾ ಅದಕ್ಕೂ ಮುಂಚೆ ಸೀಟು ಬಿಟ್ಟರೆ ಸಣ್ಣ ಸಂಸ್ಕರಣಾ ಶುಲ್ಕ ಕಳೆದು ಪೂರ್ತಿ ಹಣ, ಅದರ ನಂತರ ಕೊನೆಯ ದಿನದೊಳಗೆ ಬಿಟ್ಟರೆ ಶೇ. 90, ಕೊನೆಯ ದಿನದಿಂದ ಹದಿನೈದು ದಿನದೊಳಗೆ ಶೇ. 80, ಮೂವತ್ತು ದಿನದೊಳಗೆ ಶೇ. 50 ಹಿಂದಿರುಗಿಸಬೇಕು, ಆಮೇಲೆ ಏನೂ ಇಲ್ಲ. ಮೂಲ ಅಂಕಪಟ್ಟಿಗಳನ್ನು ಅವರು ಇಟ್ಟುಕೊಳ್ಳುವಂತಿಲ್ಲ, ತೋರಿಸಿ ವಾಪಸು ತನ್ನಿ. ಯುಜಿಸಿ ಕೆಲವು ವರ್ಷ ಇದಕ್ಕಿಂತ ಉದಾರವಾದ ಸುತ್ತೋಲೆ ಹೊರಡಿಸುತ್ತದೆ, ಈ ಸಾಲಿನದನ್ನೂ ನೋಡಿಕೊಳ್ಳಿ. ಹಣ ಕಟ್ಟುವ ಮೊದಲು ಪ್ರವೇಶದ ಕೊನೆಯ ದಿನ ಯಾವುದೆಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಧಾರವಾಡದ ಸೀಟು ಹಂಚಿಕೆಯ ಪಟ್ಟಿ ಅದರೊಳಗೆ ಬರುವುದಿಲ್ಲವೆಂದಾದರೆ, ಬೆಂಗಳೂರಿಗೆ ಕಟ್ಟುವ ಹಣದಲ್ಲಿ ಎಷ್ಟು ಕಳೆದುಕೊಳ್ಳಲು ಸಿದ್ಧರಿದ್ದೀರಿ ಎಂಬುದನ್ನು ಮಗಳೊಂದಿಗೆ ಮೊದಲೇ ನಿರ್ಧರಿಸಿಕೊಂಡು ಕಟ್ಟಿ.